ಮೌನೇಶಪ್ಪನ ಅಳತೆಪಟ್ಟಿ

"ಬರ್ರಿ ನೀಲಕ್ಕಾರ, ಬರೋಬ್ಬರಿ ಟೈಮಿಗೆ ಬಂದ್ರಿ," ಎಂದು ಪಕ್ಕದ ಮನೆಯ ಮೌನೇಶಪ್ಪ ಬಡಿಗೇರ ಶೆಡ್ಡಿನ ಬಾಗಿಲು ತೆರೆದ. ನಾನೇನು ಅವನ ಕಬ್ಬಿಣ ಕಡೆಯುವ ಲೇಥು ನೋಡಲು ಹೋಗಿರಲಿಲ್ಲ. ನನ್ನ ಶಾವಿಗೆ ಮಷೀನಿನ ರಾಡು ಕೇಳಲು ಹೋಗಿದ್ದೆ. ಕೊಳವೆಯೊಳಗೆ ಹಿಟ್ಟು ಒತ್ತುವ ಆ ರಾಡು ಮುರಿದು, ಹೊಸದು ಮಾಡಿಕೊಡಲು ಇವನಿಗೆ ಹೇಳಿ ಒಂಬತ್ತು ದಿನವಾಗಿತ್ತು.

ಬೆಟಗೇರಿಯಲ್ಲಿ ಬಿಸಿಲು ಏರಿತೆಂದರೆ ಶಾವಿಗೆ ಕಾಲ. ಓಣಿಯ ಹೆಂಗಸರೆಲ್ಲ ವರ್ಷಕ್ಕಾಗುವಷ್ಟು ಶಾವಿಗೆ ಹಾಕಿಸಿಕೊಳ್ಳುವುದು ನನ್ನ ಮಷೀನಿನಲ್ಲಿ. ನನ್ನ ವರ್ಷದ ಹೊಟ್ಟೆಪಾಡೂ ಆ ಒಂದೂವರೆ ತಿಂಗಳಿನದೇ. ನಾನು ಬಾಗಿಲು ಹಾಕಿದರೆ ಅವರು ಹಿಂದಿನ ಓಣಿಗೆ ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ.

"ರಾಡು ಎಲ್ಲಿ?" ಎಂದೆ.

"ಲೇಥಿನ ಬಾಯಾಗ ಐತ್ರಿ. ಮೊದಲ ಇದನ್ನ ನೋಡ್ರಿ, ಗಾಜಿನ ಅಳತಿಪಟ್ಟಿ. ಇಷ್ಟು ದಿನ ಹಿಡಿಕಿ ಎಷ್ಟು ತಿರುಗಿತು ಅಂತ ನೋಡಿ ಅಳತಿ ಹಿಡೀತಿದ್ದೆ. ಒಳಗಿನ ಸ್ಕ್ರೂ ಸವದಿದ್ರ ಹಿಡಿಕಿ ಸುಳ್ಳು ಹೇಳ್ತೈತಿ. ಪಟ್ಟಿ ಸುಳ್ಳು ಹೇಳೂದಿಲ್ಲ. ಕೂದಲಿನ ನೂರನೇ ಪಾಲು ತಪ್ಪಿದ್ರೂ ಮೋಟಾರಿಗೆ ಹೇಳ್ತೈತಿ, ಮೋಟಾರು ಸರಿ ಮಾಡ್ತೈತಿ."

"ಶಾವಿಗಿಗೆ ಕೂದಲಿನ ಲೆಕ್ಕ ಯಾಕಪ್ಪ? ಹ್ವಾದ ವರ್ಷ ಚಾ ಆರೂದ್ರಾಗ ಮಾಡಿ ಕೊಟ್ಟಿದ್ದಿ!"

"ಅದು ಅಂದಾಜಿನ ಕೆಲಸ ಅಕ್ಕಾರ. ಹೇಳಾಕ ನಾಚಿಕಿ ಬರ್ತೈತಿ."

ನನಗೆ ಮೈಯೆಲ್ಲ ಉರಿಯಿತು. ಆ ಅಂದಾಜಿನ ರಾಡಿನಿಂದ ಹೊರಬಂದ ಶಾವಿಗೆಯ ಪಾಯಸವನ್ನು ಇದೇ ಮನುಷ್ಯ ಮೂರು ಬಟ್ಟಲು ಕುಡಿದಿದ್ದ.

ಮರುದಿನ ನಾನು ಒರಳಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಾಗ ಓಡಿ ಬಂದ. "ಕುಟ್ಟೂದು ನಿಲ್ಲಸ್ರಿ ಅಕ್ಕಾರ. ಗ್ವಾಡಿ ನಡುಗಾಕತ್ತೈತಿ."

ವಿಚಾರಿಸಿದರೆ, ಪುಣ್ಯಾತ್ಮ ಪಟ್ಟಿಯನ್ನು ಲೇಥಿಗೆ ಬಿಗಿದೇ ಇರಲಿಲ್ಲ. ಲೇಥು ಹಳೆಯದು, ಅಲ್ಲಾಡುತ್ತದೆ, ಗೋಡೆಯಾದರೆ ಅಲ್ಲಾಡುವುದಿಲ್ಲ ಎಂದು ನಮ್ಮಿಬ್ಬರ ಮನೆಗೂ ಸೇರಿದ ಗೋಡೆಗೆ ಅದರ ತುದಿ ಬಡಿದಿದ್ದ! ನಾನು ಕುಟ್ಟಿದರೆ ಗೋಡೆ ನಡುಗುತ್ತದೆ, ಲೇಥಿನ ಉಳಿ ತಾನೇ ತಪ್ಪಿದೆನೆಂದು ತಿಳಿದು ಹಿಂದೆ ಮುಂದೆ ಓಡಾಡುತ್ತದೆ. ಸಂಜೆಯೊಳಗೆ ಇನ್ನೂ ಎರಡು ಸಲ ಬಂದ. ಒಮ್ಮೆ ಬಾಗಿಲು ಮೆಲ್ಲಗೆ ಹಾಕಿ ಎಂದ. ಇನ್ನೊಮ್ಮೆ ಸೀನಬೇಡಿ ಎಂದ.

"ನನ್ನ ಮನ್ಯಾಗ ನಾ ಸೀನಾಕ ನಿನ್ನ ಪರವಾನಗಿ ಬೇಕೇನೋ?"

"ಸಿಟ್ಟಾಗಬ್ಯಾಡ್ರಿ. ಇವತ್ತ ರಾತ್ರಿ ಲೇಥಿಗೇ ಚಕ್ರ ಹಾಕ್ತೀನಿ. ಗ್ವಾಡಿ ಎಷ್ಟು ಸರೀತೈತೋ ಇಡೀ ಲೇಥು ಅಷ್ಟೇ ಸರೀತೈತಿ. ಆಮ್ಯಾಲೆ ನೀವು ಬೇಕಾದಷ್ಟು ಸೀನ್ರಿ."

ಹನ್ನೊಂದನೆಯ ದಿನ ಬೆಳಿಗ್ಗೆ ಓಣಿಯ ಗುರವ್ವ ಮತ್ತು ಇನ್ನೂ ಆರು ಮಂದಿ ಹೆಂಗಸರು ಹಿಟ್ಟು ಕಲಸಿಕೊಂಡೇ ಬಂದು ನನ್ನ ಅಂಗಳದಲ್ಲಿ ಕೂತರು. ಕಲಸಿದ ಹಿಟ್ಟು ಆ ಬಿಸಿಲಿಗೆ ಎಷ್ಟು ಹೊತ್ತು ತಡೆಯುತ್ತದೆ?

"ಆಗೂದಿಲ್ಲಂದ್ರ ಹೇಳಿಬಿಡ ನೀಲವ್ವ, ಹಿಂದಿನ ಓಣಿಗೆ ಹೋಗ್ತೀವಿ," ಎಂದಳು ಗುರವ್ವ.

ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಬಾಯಿಟ್ಟು ಕೂಗಿದೆ. "ಮೌನೇಶಪ್ಪಾ, ರಾಡು ಕೊಡು!"

"ಕೂದಲಿನ ಸಾವಿರನೇ ಪಾಲು ಉಳದೈತ್ರಿ," ಎಂದಿತು ಗೋಡೆ.

ಕೈಗೆ ಒನಕೆ ಸಿಕ್ಕಿತು. ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಗೋಡೆಗೆ ಒಂದು ಕೊಟ್ಟೆ. ಆ ಕಡೆ ಪಟ್ಟಿ ಒಂದು ಮೊಳ ಜಾರಿತು. ಪಟ್ಟಿ ಸುಳ್ಳು ಹೇಳುವುದಿಲ್ಲವಲ್ಲ, ಅದರ ಲೆಕ್ಕದಲ್ಲಿ ಲೇಥು ಇರಬೇಕಾದ ಜಾಗ ಈಗ ನನ್ನ ಅಡುಗೆಮನೆಯಾಗಿತ್ತು. ಹೊಸ ಚಕ್ರಗಳ ಮೇಲೆ ಲೇಥು ಗೋಡೆ ಒಡೆದುಕೊಂಡು ಬಂತು. ಡಬ್ಬಿಗಳೆಲ್ಲ ನೆಲಕ್ಕೆ ಬಿದ್ದವು. ಬಂದದ್ದು ಹೆಚ್ಚಾಯಿತೆಂದು ಒಂದು ಗೇಣು ಹಿಂದೆ ಹೋಯಿತು, ಹೋದದ್ದು ಹೆಚ್ಚಾಯಿತೆಂದು ಒಂದು ಗೇಣು ಮುಂದೆ ಬಂತು. ಹಾಗೇ ಹಿಂದೆ ಮುಂದೆ ಶುರುವಾಯಿತು.

"ನಿಲ್ಲಸೋ ಅದನ್ನ!"

ಮೌನೇಶಪ್ಪ ಪ್ಲಗ್ಗು ಕಿತ್ತ. ಲೇಥು ನಿಲ್ಲಲಿಲ್ಲ. ಕರೆಂಟು ಹೋದರೂ ಅಳತೆ ಕೆಡಬಾರದೆಂದು ಒಳಗೆ ಬ್ಯಾಟರಿ ಕೂರಿಸಿದ್ದನಂತೆ, ಅದೂ ವಾರಗಟ್ಟಲೆ ಬಾಳುವ ಸ್ವಂತ ತಯಾರಿಕೆಯದು.

ನನಗೆ ಅಳು ಬಂತು. ಅಂಗಳದಲ್ಲಿ ಹೆಂಗಸರು ಬುಟ್ಟಿ ಎತ್ತಿಕೊಳ್ಳುತ್ತಿದ್ದರು. ನನ್ನ ರಾಡು ಮಾತ್ರ ಲೇಥಿನ ಬಾಯಲ್ಲಿ ಸಿಕ್ಕಿಕೊಂಡು ನನ್ನ ಕಣ್ಣ ಮುಂದೆಯೇ ಹಿಂದೆ ಮುಂದೆ ಆಡುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಅದನ್ನೇ ನೋಡಿದೆ. ಮತ್ತೆ ನೋಡಿದೆ. ಶಾವಿಗೆ ಕೊಳವೆ ತಂದು ಒರಳುಕಲ್ಲಿಗೆ ಆನಿಸಿ ಆ ರಾಡಿನ ಎದುರಿಗೆ ಹಿಡಿದೆ. "ಗುರವ್ವಾ, ಹಿಟ್ಟು ತಾ," ಎಂದೆ.

ಮಧ್ಯಾಹ್ನದೊಳಗೆ ಏಳೂ ಮನೆಯ ಶಾವಿಗೆ ಹಗ್ಗದ ಹೊರಸು ಮಂಚದ ಮೇಲೆ ಒಣಗುತ್ತಿತ್ತು. ನನ್ನ ತೋಳು ಒಮ್ಮೆಯೂ ನೋಯಲಿಲ್ಲ. ಮೂರು ದಿನದಲ್ಲಿ ಹಿಂದಿನ ಓಣಿಯವರೂ ನನ್ನ ಅಂಗಳಕ್ಕೆ ಬಂದರು. ಅಡುಗೆಮನೆ ಹೋಯಿತು, ಒಲೆಯನ್ನು ಹಿತ್ತಲಲ್ಲಿ ಹೂಡಿಕೊಂಡೆ, ಮೌನೇಶಪ್ಪನಿಗೆ ದಿನಾ ಬೈದೆ.

ವಾರ ಕಳೆದ ಮೇಲೆ ಒಡೆದ ಗೋಡೆಯಿಂದ ತಲೆ ಹಾಕಿದ. ಮುಖ ಬಾಡಿತ್ತು.

"ತಪ್ಪು ಎಲ್ಲೈತಿ ಅಂತ ಗೊತ್ತಾತ್ರಿ ಅಕ್ಕಾರ. ಒಂದ ತಾಸಿನ ಕೆಲಸ. ಸರಿ ಮಾಡ್ಲೇನ್ರಿ?"

"ಮುಟ್ಟಿ ನೋಡು, ಕೈ ಮುರೀತೀನಿ," ಎಂದೆ.