ತೊಂಬತ್ತು ರೂಪಾಯಿ ಪಗಾರದ ಇಂಜಿನಿಯರ್

ಗುಡ್ಡದ ಕಲ್ಲು ಪರೀಕ್ಷಿಸುವ ಕೆಲಸಕ್ಕೆಂದು ಮಸ್ಕಿಗೆ ಬಂದ ಮೊದಲ ದಿನವೇ ಶಿವಶರಣಪ್ಪ ಒಂದು ಸುಳ್ಳು ಹೇಳಿದ್ದ. ಪಗಾರ ಎಷ್ಟೆಂದು ಮನೆಯೊಡತಿ ವೀರಭದ್ರಮ್ಮ ಕೇಳಿದಳು. ಬರುತ್ತಿದ್ದುದು ಇನ್ನೂರಿಪ್ಪತ್ತು, ಹೇಳಿದ್ದು ತೊಂಬತ್ತು. ಅಲ್ಲಿ ಬಾಡಿಗೆ, ಹಾಲು, ಕ್ಷೌರ ಎಲ್ಲದರ ದರವೂ ಗಿರಾಕಿಯ ಪಗಾರ ನೋಡಿಯೇ ನಿಗದಿಯಾಗುತ್ತಿತ್ತು. ಬಂಗಾರದ ಗಣಿಯ ಇಂಜಿನಿಯರ್ ಎಂದರಂತೂ ಕೇಳುವುದೇ ಬೇಡ. ಹೀಗಾಗಿ ಆರು ತಿಂಗಳು ಅವನು ಎಂಟು ರೂಪಾಯಿ ಬಾಡಿಗೆಯಲ್ಲಿ ಸುಖವಾಗಿದ್ದ.

ಆದರೆ ಇವತ್ತು ಸಾಲಗುಂದದ ಜಂಬಣ್ಣ ವರನನ್ನು ನೋಡಲು ಬರುವವನಿದ್ದ. ಅವನ ಮಗಳು ಶೇಖರಮ್ಮನನ್ನು ಶಿವಶರಣಪ್ಪ ಸಿಂಧನೂರಿನ ನೆಂಟರ ಮನೆಯಲ್ಲಿ ಒಮ್ಮೆ ಕಂಡಿದ್ದ. ಅಂದಿನಿಂದ ಅವನಿಗೆ ಯಾವ ಕಲ್ಲು ಪರೀಕ್ಷಿಸಿದರೂ ಅವಳೇ ಕಾಣುತ್ತಿದ್ದಳು. ತೊಂಬತ್ತು ಎಂಬ ಮಾತು ಜಂಬಣ್ಣನ ಕಿವಿಗೆ ಬಿದ್ದರೆ ಹೆಣ್ಣು ಕೊಡುವುದಿರಲಿ, ಬೊಗಸೆ ನೀರೂ ಕುಡಿಯದೆ ಎದ್ದು ಹೋಗುತ್ತಿದ್ದ.

ಬೆಳಗಾಗುತ್ತಲೇ ಶಿವಶರಣಪ್ಪ ವೀರಭದ್ರಮ್ಮನ ಮುಂದೆ ನಿಂತ.

"ಅಮ್ಮಾರ, ಯಾರರ ಕೇಳಿದ್ರ ನನ್ನ ಪಗಾರ ಇನ್ನೂರಿಪ್ಪತ್ತು ಅಂತ ಹೇಳ್ರಿ. ಅದ ಖರೇ."

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೇಳ್ತೀನಪ್ಪ, ಅದಕ್ಕೇನು. ಈ ತಿಂಗಳಿಂದ ಬಾಡಿಗಿ ಇಪ್ಪತ್ತು."

ಬಾಗಿಲಲ್ಲಿ ಹಾಲು ಅಳೆಯುತ್ತಿದ್ದ ಕರೆಮ್ಮ ತಲೆ ಎತ್ತಿದಳು. "ನನ್ನ ಹಾಲಿಗೂ ಸೇರಿಗೆ ಎರಡಾಣೆ ಜಾಸ್ತಿ ರೀ ಸಾಹೇಬ್ರ. ಇಷ್ಟು ದಿನ ಬಡವ ಅಂತ ನೀರು ಕಮ್ಮಿ ಹಾಕ್ತಿದ್ದೆ."

ಎರಡಕ್ಕೂ ಅವನು ನಗುನಗುತ್ತಲೇ ಒಪ್ಪಿದ. ಹೆಣ್ಣು ಮನಸ್ಸಿನಲ್ಲಿ ಕೂತರೆ ಜಿಪುಣನೂ ದಾನಿಯಾಗುತ್ತಾನೆ.

ಆದರೆ ಹೆಣ್ಣಿನ ತಂದೆ ನೆಟ್ಟಗೆ ವರನ ಮನೆಗೆ ಬರುತ್ತಾನೆಯೇ? ಮೊದಲು ಅಕ್ಕಪಕ್ಕ ವಿಚಾರಿಸುತ್ತಾನೆ. ಜಂಬಣ್ಣ ಬಸ್ಸಿಳಿದವನೇ ಇಸ್ಮಾಯಿಲ್‌ಸಾಬನ ಚಹಾದಂಗಡಿಯಲ್ಲಿ ಕೂತ. ಶಿವಶರಣಪ್ಪ ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಮಾತು ಪಗಾರಕ್ಕೆ ಬಂದಿತ್ತು.

"ತೊಂಬತ್ತು ರೂಪಾಯಿ," ಎಂದ ಇಸ್ಮಾಯಿಲ್‌ಸಾಬ್. ಹೊಸ ಲೆಕ್ಕ ಅವನಿಗಿನ್ನೂ ಮುಟ್ಟಿರಲಿಲ್ಲ.

ಶಿವಶರಣಪ್ಪ ಜಂಬಣ್ಣನ ಬೆನ್ನ ಹಿಂದೆ ನಿಂತು ಕೈ ಬೀಸಿದ, ತಲೆ ಅಲ್ಲಾಡಿಸಿದ. ಇಸ್ಮಾಯಿಲ್‌ಸಾಬ್ ಗೆಳೆಯನ ಸಂಕಟ ನೋಡಿ ಉತ್ಸಾಹದಿಂದ ಮುಂದುವರಿಸಿದ.

"ಆದ್ರ ವಿಚಾರ ಮಾಡ್ರಿ ಯಜಮಾನ್ರ. ಅಷ್ಟು ಓದಿದ ಮನಷ್ಯಾ ತೊಂಬತ್ತು ರೂಪಾಯಿಗೆ ಈ ಬಿಸಲಾಗ ಗುಡ್ಡ ಯಾಕ ಹತ್ತತಾನ? ದಿನಾ ಸಂಜಿಗೆ ಚೀಲ ತುಂಬಿಕೊಂಡು ಬರ್ತಾನ. ಬಾಗಿಲಾ ಹಾಕ್ಕೊಂಡು ಕುಟ್ಟತಾನ, ತೊಳೀತಾನ. ಏನಿರಬಹುದು ಅದರಾಗ?"

ಜಂಬಣ್ಣನ ಮುಖ ಊರಗಲವಾಯಿತು.

ಶಿವಶರಣಪ್ಪ ಮುಂದೆ ಬಂದ. "ಅದು ಬರೇ ಕಲ್ಲು ರೀ. ಕಚೇರಿಗೆ ಕಳಸಾಕ ತರ್ತೀನಿ. ನನ್ನ ಪಗಾರ ಇನ್ನೂರಿಪ್ಪತ್ತು."

"ಬಿಡ್ರೀ ಅಳಿಯಂದ್ರ," ಜಂಬಣ್ಣ ಕಣ್ಣು ಮಿಟುಕಿಸಿದ. "ಕಲ್ಲು ಅನ್ನೋದ ಛಲೋ. ಮಂದಿ ಕಣ್ಣು ಕೆಟ್ಟದ."

ಅಳಿಯಂದ್ರ ಎಂಬ ಒಂದು ಮಾತಿಗೆ ಶಿವಶರಣಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ವಾದ ಮಾಡಿದರೆ ಹುಡುಗಿ ಕೈತಪ್ಪುತ್ತಾಳೆಂದು ಬಾಯಿ ಮುಚ್ಚಿಕೊಂಡ. ಮನೆಗೆ ಕರೆತಂದ, ಮಂಡಕ್ಕಿ ಒಗ್ಗರಣೆ ತಿನ್ನಿಸಿದ. ಜಂಬಣ್ಣ ಎಲೆಯಡಿಕೆ ಹಾಕಿಕೊಂಡು ತೊಡೆ ತಟ್ಟಿದ.

"ನಮಗ ಒಪ್ಪಿಗಿ ಐತಿ. ಮಗಳಿಗಂತ ಇಪ್ಪತ್ತು ತೊಲಿ ಬಂಗಾರ ತೆಗೆದಿಟ್ಟಿದ್ದೆ. ಅದನ್ನೀಗ ಸಣ್ಣ ಮಗಳಿಗೆ ಇಡ್ತೀನಿ. ನಿಮ್ಮ ಮನಿಗೆ ಬಂಗಾರ ಕಳಿಸೋದು ಅಂದ್ರ ತುಂಗಭದ್ರಾ ಹೊಳಿಗೆ ಕೊಡ ನೀರು ಹಾಕಿದಂಗ. ನೀವ ಹುಡುಗಿಗೆ ನಲವತ್ತು ತೊಲಿ ಹಾಕ್ರಿ. ಅದು ತೂಗಿದ ಮರುದಿನ ಮದುವಿ."

ತೊಲಕ್ಕೆ ಎಂಬತ್ತೈದು ರೂಪಾಯಿ. ಉಣ್ಣದೆ ಉಡದೆ ದುಡಿದರೂ ಹದಿನೈದು ತಿಂಗಳ ಪಗಾರಕ್ಕೂ ಮೇಲೆ.

"ಮಾವಾರ, ಖರೇನ ಹೇಳ್ತೀನಿ, ನನ್ನತ್ರ ಬಂಗಾರ ಇಲ್ಲ."

ಜಂಬಣ್ಣ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. "ಇಲ್ಲಂದ್ರ ಬ್ಯಾಡ. ಗುರುಗುಂಟಾದಾಗ ಇನ್ನೊಂದು ವರ ನೋಡೀವಿ. ಸಂಜಿ ಬಸ್ಸಿಗೆ ಅಲ್ಲಿಗೆ ಹೋಗ್ತೀನಿ."

"ಬ್ಯಾಡ್ರಿ," ಎಂದ ಶಿವಶರಣಪ್ಪ. ದನಿ ಅವನದೆಂದು ಅವನಿಗೇ ಗುರುತು ಸಿಗಲಿಲ್ಲ. "ಹಾಕ್ತೀನಿ."

ಬೀಗರನ್ನು ಸಾಲಗುಂದಕ್ಕೆ ಮರಳುವ ಮಧ್ಯಾಹ್ನದ ಬಸ್ಸು ಹತ್ತಿಸಿದವನೇ ಸುತ್ತಿಗೆ ಹಿಡಿದು, ಸುಡುಬಿಸಿಲಿನಲ್ಲಿ ಗುಡ್ಡ ಏರಿದ. ಕೆಲಸಕ್ಕೆ ಸೇರಿದ ಆರು ತಿಂಗಳಲ್ಲಿ ಮೊದಲ ಸಲ ಅವನು ನಿಜವಾಗಿಯೂ ಬಂಗಾರ ಹುಡುಕತೊಡಗಿದ.