ಎಲೆ ಮಡಚುವವರೆಗೆ

ಸರ್... ಸರ್... ರೇಷ್ಮೆ ಸೀರೆಯನ್ನು ಯಾರೋ ಮೆಲ್ಲಗೆ ಮಡಚಿಡುವಂಥ ಸದ್ದು. ಒಂದು ಲೋಕಲ್ ರೈಲು ಕಲ್ಯಾಣ್ ಸ್ಟೇಷನ್ನಿನ ಕಡೆ ಹೋಗಿ ಇನ್ನೊಂದು ಬರುವವರೆಗಿನ ಬಿಡುವಿನಲ್ಲಿ, ಸಂಜೆ ಆರೂವರೆಗೆ, ನಮ್ಮ ಡೊಂಬಿವಲಿಯ ಬಾಲ್ಕನಿಯಲ್ಲಿ ಅದು ಕೇಳುತ್ತದೆ. ಹೆಂಡತಿ ವಿಮಲಾ ತಂದ ಪ್ರೇಯರ್ ಪ್ಲಾಂಟ್ ಎಂಬ ಗಿಡ, ಹಗಲಿಡೀ ಚಾಚಿದ್ದ ಎಲೆಗಳನ್ನು ಕೈಮುಗಿದಂತೆ ಜೋಡಿಸಿಕೊಳ್ಳುವ ಸದ್ದು. ಇಷ್ಟೊಂದು ಭಕ್ತಿಯ ಗಿಡ ನನ್ನ ಸಿಂಹಾಸನಕ್ಕೇ ಕಣ್ಣು ಹಾಕಿತ್ತೆಂದರೆ ನೀವು ನಂಬಲಿಕ್ಕಿಲ್ಲ.

ಸಿಂಹಾಸನವೆಂದರೆ ಬೆತ್ತದ ಕುರ್ಚಿ. ಠಾಣೆಯ ಹೋಟೆಲೊಂದರಲ್ಲಿ ಮೂವತ್ತೆರಡು ವರ್ಷ ನಿಂತು ಬಾಳೆಲೆ ಊಟ ಬಡಿಸಿದ ನನಗೆ, ನಿವೃತ್ತಿಯ ದಿನ ಧಣಿಗಳು ಕೊಟ್ಟದ್ದು. "ಲೋಕನಾಥ, ಇನ್ನು ಕೂತುಕೋ" ಎಂದಿದ್ದರು. ನಮ್ಮ ಬಾಲ್ಕನಿಯಲ್ಲಿ ಬಿಸಿಲು ತಾಗದ ಮೂಲೆ ಒಂದೇ ಒಂದು. ಕುರ್ಚಿಗೂ ಅದೇ ಬೇಕು, ಗಿಡಕ್ಕೂ ಅದೇ ಬೇಕು.

ತನ್ನ ಅಕ್ಕ ನಾಗವೇಣಿಯ ಕಣ್ಣಿನ ಆಪರೇಷನ್‌ಗೆಂದು ವಿಮಲಾ ಹತ್ತು ದಿನ ಕೋಪರಖೈರಣೆಗೆ ಹೊರಟಾಗ ಒಪ್ಪಂದವಾಯಿತು.

"ನಾನು ಬರುವಾಗ ಗಿಡ ಜೀವಂತ ಇದ್ರೆ ಮೂಲೆ ನಿಮ್ಗೆ. ಇಲ್ಲದಿದ್ರೆ ಕುರ್ಚಿ ಗುಜರಿಗೆ, ಭಂಗಾರ್‌ವಾಲಾನಿಗೆ."

"ನೀರು ಎಷ್ಟು?"

"ಬೆರಳು ಹಾಕಿ ನೋಡಿ. ಮೇಲಿನ ಮಣ್ಣು ಒಣಗಿದ್ರೆ ಮಾತ್ರ. ಮತ್ತೆ, ಎಲೆ ಮಡಚಿಕೊಳ್ತದೆ. ಹೆದರ್ಬೇಡಿ."

ಹೆದರುವುದೆ? ಎಲೆ ತೆರೆದಿದ್ದರೆ ಬಡಿಸಬೇಕು, ಮಡಚಿದರೆ ಹೊಟ್ಟೆ ತುಂಬಿತು. ಇಷ್ಟು ತಿಳಿಯದವನಿಗೆ ನಮ್ಮಲ್ಲಿ ಸಾಂಬಾರಿನ ಬಕೆಟ್ ಮುಟ್ಟಲೂ ಕೊಡುವುದಿಲ್ಲ. ಬೆರಳು ಹಾಕಿ ನೋಡಬೇಕಂತೆ, ಬೆರಳು!

ಮರುದಿನ ಬೆಳಿಗ್ಗೆ ಹದಿನಾಲ್ಕು ಎಲೆಗಳೂ ತೆರೆದು ಕಾದಿದ್ದವು. ಅತಿಥಿಯನ್ನು ನೆಲಕ್ಕೆ ಕೂರಿಸುವುದೆ ಎಂದು ಕುಂಡವನ್ನೆತ್ತಿ ಕುರ್ಚಿಯ ಮೇಲೆ ಇಟ್ಟೆ. (ಬಡಿಸುವ ಹೊತ್ತಿಗೆ ಕೂರುವ ಅಭ್ಯಾಸ ನನಗಿಲ್ಲ.) ಒಂದು ಚೊಂಬು ನೀರು ಹಾಕಿದೆ. ಎಲೆ ಮಡಚಲಿಲ್ಲ. ಹತ್ತು ಗಂಟೆಗೆ ಇನ್ನೊಂದು. ಪೇಪರ್ ಬಿಡಿಸಿದರೆ ಯಾರೋ ಕರೆದಂತಾಗಿ ಎದ್ದೆ. ಊಟಕ್ಕೆ ಕುಳಿತರೆ ಒಂದು ಎಲೆ ಓರೆಯಾಗಿ ನನ್ನನ್ನೇ ನೋಡುತ್ತಿತ್ತು. ಅಕ್ಕಿ ತೊಳೆದ ನೀರು ಒಯ್ದೆ. ಮಧ್ಯಾಹ್ನದ ನಿದ್ದೆ ಮೂರು ಸಲ ಮುರಿಯಿತು. ಕೊನೆಗೆ ಆರೂವರೆಗೆ, ಆರನೆಯ ಚೊಂಬಿಗೆ, ಸರ್... ಸರ್... ಹದಿನಾಲ್ಕೂ ಎಲೆಗಳು ಒಟ್ಟಿಗೆ ಕೈಮುಗಿದವು. ಮೂವತ್ತೆರಡು ವರ್ಷಗಳಲ್ಲಿ ಯಾವ ಗಿರಾಕಿಯೂ ನನಗೆ ಹಾಗೆ ಕೈಮುಗಿದದ್ದಿಲ್ಲ. ಕಣ್ಣು ಒದ್ದೆಯಾಯಿತು.

ನಾಲ್ಕನೆಯ ದಿನ ಕೆಳಗಿನ ಮನೆಯ ಪ್ರಫುಲ್ಲಾ ಕೂಗಿದರು: "ಲೋಕನಾಥಣ್ಣಾ, ನಿಮ್ಮ ಏಸಿ ಲೀಕ್ ಆಗ್ತಾ ಉಂಟು! ನನ್ನ ಹಪ್ಪಳ ಎಲ್ಲ ಒದ್ದೆ!"

"ನಮ್ಮಲ್ಲಿ ಏಸಿಯೇ ಇಲ್ಲವಲ್ಲ!"

"ಹಾಗಾದ್ರೆ ಇಲ್ಲದ್ದು ಲೀಕ್ ಆಗುದು ಹೇಗೆ?"

ಉತ್ತರಿಸಲು ಪುರುಸೊತ್ತಿರಲಿಲ್ಲ. ಎಲೆ ಇನ್ನೂ ತೆರೆದೇ ಇತ್ತು.

ರಾತ್ರಿ ವಿಮಲಾಳ ಫೋನು. "ಸಂಜೆ ಎಲೆ ಮಡಚಿತಾ?"

"ತೃಪ್ತಿಯಿಂದ."

"ಹಾಗಾದ್ರೆ ಒಳ್ಳೇದುಂಟು" ಎಂದಳು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ಹನ್ನೊಂದನೆಯ ದಿನ ಬಂದವಳು ಚಪ್ಪಲಿ ಬಿಡುವ ಮೊದಲೇ ಕುಂಡಕ್ಕೆ ಬೆರಳು ಹಾಕಿದಳು.

"ಇದು ಮಣ್ಣಾ, ಗಂಜಿಯಾ? ಎಂತ ಮಾಡಿದ್ರಿ?"

"ಎಲೆ ಮಡಚುವವರೆಗೆ ಬಡಿಸಿದೆ. ದಿನಕ್ಕೆ ಆರು ಚೊಂಬು."

"ಅಯ್ಯೋ ಮಾರಾಯ್ರೆ! ನೀರು ಹಾಕದಿದ್ರೂ ಅದು ಮಡಚ್ತದೆ. ಕತ್ತಲಾದ್ರೆ ಮಲಗ್ತದೆ, ಅಷ್ಟೆ. ಅದಕ್ಕೂ ನಿಮ್ಮ ಚೊಂಬಿಗೂ ಎಂತ ಸಂಬಂಧ?"

ಹತ್ತು ದಿನದ ನಮಸ್ಕಾರಗಳಲ್ಲಿ ಒಂದೂ ನನಗಲ್ಲವೆಂದು ತಿಳಿದಾಗ ಎದೆಯೊಳಗೆ ಏನೋ ಬಾಡಿತು.

ವಿಮಲಾ ಕುಂಡವನ್ನೆತ್ತಿ ತಳ ನೋಡಿದಳು. "ಪುಣ್ಯಕ್ಕೆ ತೆಂಗಿನ ನಾರು ತುಂಬಿಸಿದ್ದೆ, ದೊಡ್ಡ ದೊಡ್ಡ ತೂತು ಮಾಡಿದ್ದೆ. ನೀರೆಲ್ಲ ಕೆಳಗೆ ಇಳಿದುಹೋಗಿದೆ. ಎರಡು ಎಲೆಯ ತುದಿ ಕರಟಿದೆ. ಗಿಡ ಬದುಕಿದೆ."

"ಬದುಕಿದೆ ತಾನೆ? ಹಾಗಾದರೆ ಮೂಲೆ ನನ್ನದು!" ಎಂದು ನಾನು, ಹತ್ತು ದಿನಗಳಲ್ಲಿ ಮೊದಲ ಸಲ, ಪಟ್ಟಾಭಿಷೇಕದ ಗತ್ತಿನಲ್ಲಿ ಸಿಂಹಾಸನಾರೂಢನಾದೆ.

ಚರ್ರ್!

ಇಳಿದುಹೋದ ನೀರು ಎಲ್ಲಿಗೆ ಇಳಿದಿತ್ತೆಂಬುದು ಆಗ ತಿಳಿಯಿತು. ಹತ್ತು ದಿನ ನೆನೆದು ಕೊಳೆತ ಬೆತ್ತದ ನಡುವೆ ನಾನು ಹೂತುಹೋದೆ. ಮೊಣಕಾಲು ಗಲ್ಲಕ್ಕೆ ತಾಗಿತು. ಎರಡು ಕೈಗಳೂ ಮೇಲೆದ್ದು ಒಂದಕ್ಕೊಂದು ಕೂಡಿಕೊಂಡವು. ನಟ್ಟನಡು ಹಗಲಲ್ಲೇ ನಾನು ಮಡಚಿಕೊಂಡಿದ್ದೆ.

ವಿಮಲಾ ಬಗ್ಗಿ ನೋಡಿದಳು. "ಹೊಟ್ಟೆ ತುಂಬಿತಾ?"

"ಕೈ ಕೊಡು ಮಾರಾಯ್ತಿ. ಒಪ್ಪಂದದ ಪ್ರಕಾರ ಈ ಮೂಲೆ..."

"ನಿಮ್ಮದೇ. ಯಾರು ಅಲ್ಲ ಅಂದ್ರು? ಕೂತ್ಕೊಳ್ಳಿ."

"ಅದಲ್ಲ ವಿಮಲಾ, ಮೊದಲು ನನ್ನನ್ನು..."

ಅವಳು ಕುಂಡವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ನಡೆದೇಬಿಟ್ಟಳು.