ನನ್ನ ಹೆಂಡತಿಯ ‘ಗೋಡೆ’ಗೆ ನಾನು ಹೇಳಿದ ಅರ್ಥ

ಕವಿತೆ ಅರ್ಥವಾಗುವುದಿಲ್ಲ ಎನ್ನುವವರನ್ನು ಕಂಡರೆ ಆಗ ನನಗೆ ಕನಿಕರವಾಗುತ್ತಿತ್ತು. ಹೈಸ್ಕೂಲಿನಲ್ಲಿದ್ದ ಮಗಳು ಅದಿತಿಯ ಇಂಗ್ಲಿಷ್ ನೋಟ್ಸನ್ನು ಒಮ್ಮೆ ತಿರುವಿ ಹಾಕಿದ್ದೆ. ಕವಿತೆ ಯಾವುದರ ಬಗ್ಗೆ ಇದೆಯೋ ಅದು ವಿಷಯ. ಅದರ ಮೂಲಕ ಏನು ಹೇಳುತ್ತಿದೆಯೋ ಅದು ಆಶಯ. ಇಷ್ಟೇ! ಸೇತುವೆ ಕಟ್ಟುವ ನನ್ನಂಥ ಎಂಜಿನಿಯರ್‌ಗೆ ಇದೊಂದು ಲೆಕ್ಕವೇ?

ಹಾಗಾಗಿ, ನಾವು ವಲಸೆ ಬಂದು ನೆಲೆಸಿದ್ದ ಟೂಂಗಾಬಿಯಲ್ಲಿ ಕನ್ನಡಿಗರ ಯುಗಾದಿ ಕಾರ್ಯಕ್ರಮ ನಡೆಸುತ್ತಿದ್ದ ಉಡುಪಿಯ ಶೆಟ್ಟರು, “ನಿಮ್ಮ ಮಿಸೆಸ್ ಕವಿತೆ ಓದ್ತಾರೆ. ನೀವು ಅದರ ಬಗ್ಗೆ ಎರಡು ಮಾತು ಹೇಳ್ಬೇಕು ಮಾರಾಯ್ರೆ” ಎಂದಾಗ ತಕ್ಷಣ ಒಪ್ಪಿದೆ.

“ಮೊದಲ ಒಮ್ಮೆ ಓದಿ ನೋಡ್ರಿ” ಎಂದು ಹೆಂಡತಿ ಸುಮಾ ಹಾಳೆ ಚಾಚಿದಳು.

“ಏನ್ ಬ್ಯಾಡ. ಸ್ಟೇಜ್ ಮ್ಯಾಲೇ ಕೇಳ್ತೀನಿ” ಎಂದೆ.

ಸಭೆಯಲ್ಲಿ ಸುಮಾ ಓದಿದಳು:

ದಿನವೂ ಮಾತಾಡುತ್ತೇನೆ,
ಗೋಡೆ ಹೂಂ ಅನ್ನುತ್ತದೆ.
ಏನು ಹೇಳಿದೆ ಎಂದು ಕೇಳಿದರೆ
ಗೋಡೆ ಕ್ರಿಕೆಟ್ ನೋಡುತ್ತದೆ.

ನಾನು ಗಂಟಲು ಸರಿಪಡಿಸಿಕೊಂಡು ಮೈಕ್ ಹಿಡಿದೆ.

“ಸಭಿಕರೇ, ಇಲ್ಲಿ ವಿಷಯ ಗೋಡೆ. ಆದರೆ ಆಶಯ? ವಲಸಿಗರ ಮಾತಿಗೆ ಕಿವಿಗೊಡದ ಈ ದೇಶ! ಕ್ರಿಕೆಟ್ ಏನು? ಬ್ರಿಟಿಷ್ ಸಾಮ್ರಾಜ್ಯದ ಸಂಕೇತ!”

ಮುಂದಿನ ಸಾಲಿನ ಹೆಂಗಸರು ನಕ್ಕರು. ಮೆಚ್ಚಿದರೆಂದು ತಿಳಿದು ದನಿ ಏರಿಸಿದೆ.

“ಇಂಥ ಗೋಡೆಯೊಂದಿಗೆ ಕವಯಿತ್ರಿ ಇಷ್ಟು ವರ್ಷ ಹೇಗೆ ಬಾಳಿದರು? ಇದನ್ನು ಸಹಿಸಬಾರದು! ಒಡೆದು ಹಾಕಬೇಕು!”

ಅಂಥ ಚಪ್ಪಾಳೆ ನನಗೆ ಜೀವನದಲ್ಲಿ ಬಿದ್ದಿಲ್ಲ! ಒಬ್ಬ ಆಂಟಿಯಂತೂ ಎದ್ದು ನಿಂತರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಿಂದ ಅದಿತಿ ಮೆಲ್ಲಗೆ, “ಡ್ಯಾಡ್, ಯು ಆರ್ ದ ವಾಲ್” ಎಂದಳು.

“ಖರೇನಽ ಏನು?” ಎಂದು ಸುಮಾಳನ್ನು ಕೇಳಿದೆ.

“ಲೈಬ್ರರಿಯೊಳಗ ನನಗ ಕೆಲಸ ಸಿಕ್ಕದ. ಸೋಮವಾರದಿಂದ ಹೋಗಬೇಕು. ಮೂರು ಸಲ ಹೇಳೀನಿ.”

ನಾನು ಕೇಳಿದ್ದು ಅದೇ ಮೊದಲು. ಹತ್ತು ವರ್ಷ ಮನೆಯಲ್ಲಿದ್ದವಳು ಕೆಲಸ ಹುಡುಕುತ್ತಿದ್ದಳೆಂಬುದೂ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಸೋಮವಾರ ರಜೆ ಹಾಕಿ ಅವಳನ್ನು ಲೈಬ್ರರಿಗೆ ಬಿಟ್ಟುಬಂದೆ. ದಾರಿಯುದ್ದಕ್ಕೂ ಅವಳೇ ಮಾತಾಡಿದಳು, ನಾನು ಕೇಳಿದೆ. ಬಾಗಿಲ ಬಳಿ ಇಳಿದು, ತಿರುಗಿ ಕೈ ಬೀಸಿದಳು.

ಮರುವಾರ ಶೆಟ್ಟರ ಫೋನ್ ಬಂತು. ಸ್ವರ ಸಣ್ಣಗಾಗಿತ್ತು.

“ನನ್ನ ಹೆಂಡತಿಯೂ ಒಂದು ಕವಿತೆ ಬರೆದಿದ್ದಾಳೆ ಮಾರಾಯ್ರೆ. ಹಳೇ ಫ್ರಿಜ್ಜಿನ ಬಗ್ಗೆ. ಸ್ವಲ್ಪ ಓದಿ ಹೇಳಿ, ಅದು ಫ್ರಿಜ್ಜೇ ಅಲ್ವಾ?”

ತರಿಸಿಕೊಂಡು ಓದಿದೆ. ಎರಡನೇ ಸಾಲಿಗೇ ಶೆಟ್ಟರ ಮುಖ ಕಾಣಿಸಿತು. ಬೇರೆಯವರ ಹೆಂಡತಿ ಬರೆದ ಕವಿತೆ ನನಗೆ ಎಷ್ಟು ಸಲೀಸಾಗಿ ಅರ್ಥವಾಗುತ್ತದೆ!